ಆದರ್ಶ ಅಧ್ಯಾಪಕ ಎರಿಕ್ ಲಿಡ್ಡೆಲ್

ಓಟಗಾರರೆಂದು ಲೋಕವಿಖ್ಯಾತರಾಗಿ, ಅಧ್ಯಾಪಕರಾಗಿ ಬಾಳಿದ ಮಹನೀಯರು ಎರಿಕ್ ಲಿಡ್ಡೆಲ್. ಸ್ಕಾಟ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ದಂಪತಿಗಳ ಸುಪುತ್ರರಾಗಿ 1902ರಲ್ಲಿ ಚೀನಾದ ಟಿಯೆಂಟ್‌ಸಿನ್ ನಗರದಲ್ಲಿ ಜನಿಸಿದ ಅವರು ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿಜ್ಞಾನ ಪದವೀಧರರು. ರಗ್ಬಿ ಆಟದಲ್ಲಿ ಸ್ಕಾಟ್ಲೆಂಡ್ ತಂಡದ ಪರವಾಗಿ ಆಡಿದವರು.

1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡಾಕೂಟದಲ್ಲಿ 100 ಮೀಟರ್ ಓಟದ ಮೊದಲ ಸುತ್ತುಗಳು ಭಾನುವಾರಕ್ಕೆ ಗೊತ್ತಾಗಿದ್ದವು. ಅದು ದೇವರಿಗೆ ಮೀಸಲಾದ ದಿನವೆಂಬ ನಿಷ್ಠೆಯಿಂದ, ನಿಂದೆಯನ್ನು ಲೆಕ್ಕಿಸದೆ, ಅವರು ಆ ಸ್ಪರ್ಧೆಯನ್ನೇ ತ್ಯಜಿಸಿದರು. 200 ಮೀಟರ್ ಓಟದಲ್ಲಿ ಕಂಚಿನ ಪದಕವನ್ನು ಗಳಿಸಿ, 400 ಮೀಟರ್ ದೂರವನ್ನು 47.6 ಸೆಕೆಂಡುಗಳಲ್ಲಿ ಕ್ರಮಿಸಿ ಸ್ವರ್ಣಪದಕಕ್ಕೆ ಭಾಜನರಾದರು.

ಕೀರ್ತಿಯ ಶಿಖರದಲ್ಲಿದ್ದಾಗಲೇ, 1925ರಲ್ಲಿ, ಅವರು ಟಿಯೆಂಟ್‌ಸಿನ್‌ಗೆ ಮರಳಿ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕರಾದರು. ತರಗತಿಯಲ್ಲಿ ಪಾಠ, ಬಯಲಿನಲ್ಲಿ ಕ್ರೀಡಾಶಿಕ್ಷಣ. ಎರಡನ್ನೂ ಸಮಾನ ಶ್ರದ್ಧೆಯಿಂದ ನಡೆಸಿದರು.

ಯುದ್ಧಕಾಲದಲ್ಲಿ ಪತ್ನಿ ಮಕ್ಕಳನ್ನು ಕೆನಡಾಕ್ಕೆ ಕಳುಹಿಸಿದರು. ಅಲ್ಲಿ ಜನಿಸಿದ ಕಿರಿಯ ಮಗಳ ಮುಖವನ್ನು ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. 1943ರಲ್ಲಿ ಜಪಾನೀಯರು ಅವರನ್ನು ವೇಹ್ಸಿಯೆನ್ ಬಂದೀಶಿಬಿರಕ್ಕೆ ಸೇರಿಸಿದರು. ತಂದೆತಾಯಿಗಳಿಂದ ಅಗಲಿದ್ದ ಅಲ್ಲಿನ ಮಕ್ಕಳಿಗೆ ಅವರೇ ಗುರು, ಅವರೇ ಬಂಧು. ಒಂದು ಭಾನುವಾರ ಮಕ್ಕಳ ಹಾಕಿ ಆಟವು ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ಲಿಡ್ಡೆಲ್ ಅವರೇ ತೀರ್ಪುಗಾರರಾಗಿ ನಿಂತರು. ಒಲಿಂಪಿಕ್ ಪದಕಕ್ಕಾಗಿ ಸಡಿಲಿಸದ ವ್ರತವನ್ನು ಮಕ್ಕಳ ಹಿತಕ್ಕಾಗಿ ಸಡಿಲಿಸಿದರು.

ಶಿಬಿರದ ಬಿಡುಗಡೆಗೆ ಆರು ತಿಂಗಳಿರುವಾಗ, 1945ರ ಫೆಬ್ರವರಿ 21ರಂದು, ಮಿದುಳಿನ ಗಡ್ಡೆಯಿಂದ ಅವರು ಕಾಲವಶರಾದರು. ತನಗೆ ಕಠಿಣನಾಗಿ ಮಕ್ಕಳಿಗೆ ಮೃದುವಾಗುವುದೇ ಗುರುತ್ವವೆಂಬುದನ್ನು ಅವರ ಬಾಳು ನಮಗೆ ತಿಳಿಸುತ್ತದೆ.