ಸರ್ ವಾಲ್ಟರ್ ಎಲಿಯಟ್ ಮತ್ತು ನಮ್ಮ ಹೊಲದ ಇಲಿಗಳು

ತೆಲುಗಿನಲ್ಲಿ ಹೆಗ್ಗಣಕ್ಕೆ ಪಂದಿಕೊಕ್ಕು ಎಂಬ ಹೆಸರಿರುವುದು ಮಾನೋಪಾಡು ಸೀಮೆಯ ನಮಗೆಲ್ಲ ತಿಳಿದದ್ದೇ. ಇಂಗ್ಲಿಷಿನ ಬ್ಯಾಂಡಿಕೂಟ್ ಹುಟ್ಟಿದ್ದು ಈ ಪದದಿಂದ. ಅದೇ ಕುಲದ ಚಿಕ್ಕ ಇಲಿಯನ್ನು ಧಾರವಾಡ ಸೀಮೆಯ ಕನ್ನಡಿಗರು ಕೊಕ್ ಎನ್ನುತ್ತಿದ್ದರು. ಆ ಹೆಸರನ್ನು ಪ್ರಾಣಿಶಾಸ್ತ್ರಕ್ಕೆ ಮುಟ್ಟಿಸಿದ ಸರ್ ವಾಲ್ಟರ್ ಎಲಿಯಟ್ ಅವರನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಅವರು 1821ರಲ್ಲಿ ಕಂಪನಿಯ ನೌಕರರಾಗಿ ಮದರಾಸಿಗೆ ಬಂದರು. 1824ರ ಕಿತ್ತೂರು ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದಾಗ, ಅವನ ಸಹಾಯಕರಾಗಿದ್ದ ಎಲಿಯಟ್ ರಾಣಿ ಚೆನ್ನಮ್ಮನ ಸೆರೆಯಾಳಾದರು. ಅವರು ಯಾರ ಸೇವೆಯಲ್ಲಿದ್ದರೆಂಬುದನ್ನು ನಾವು ಮರೆಯಲಾಗದು. ಆದರೂ ಬಿಡುಗಡೆಯ ನಂತರ ಅವರು ಅದೇ ನಾಡಿನಲ್ಲಿ ಉಳಿದು, 1833ರವರೆಗೆ ಅಲ್ಲಿಯ ಶಾಸನಗಳನ್ನೂ ಪ್ರಾಣಿಗಳನ್ನೂ ಅಭ್ಯಸಿಸಿದರು.

1826ರಲ್ಲಿ ಮಳೆ ಕೈಕೊಟ್ಟಿತು. ಹೊಲದಲ್ಲಿ ಇಲಿಗಳು ಅಸಂಖ್ಯವಾಗಿ ಹೆಚ್ಚಿ ಬಿತ್ತಿದ ಬೀಜವನ್ನೇ ತಿಂದವು. ರೈತರು ಧಾನ್ಯದ ಕೂಲಿ ಕೊಟ್ಟು ವಡ್ಡ ಸಮುದಾಯದವರಿಂದ ಅವುಗಳನ್ನು ಹಿಡಿಸಿದರು. ಸಾವಿರಗಟ್ಟಲೆ ಕೊಂದರೂ ಸಂಖ್ಯೆ ಇಳಿಯಲಿಲ್ಲ. ಮಣ್ಣು ಅಗೆದು ಬದುಕುತ್ತಿದ್ದ ಈ ಜನರಿಗೆ ಯಾವ ಬಿಲ ಯಾವ ಇಲಿಯದೆಂಬುದು ತಿಳಿದಿತ್ತು. ಎಲಿಯಟ್ ಅವರ ಮಾತುಗಳನ್ನು ಬರೆದಿಟ್ಟರು. ಹೇಳಿದವರ ಹೆಸರುಗಳು ಮಾತ್ರ ನಮಗೆ ದಕ್ಕಿಲ್ಲ. ವಡ್ಡರ ಮೆತ್ತಡ ಎಂಬ ಪದ ಲಂಡನ್ನಿನ ಗ್ರೇ ಅವರ 1837ರ ಬರಹದಲ್ಲಿ ಮೆಲ್ಟಾಡ ಎಂದಾಯಿತು. ಕನ್ನಡದ ಗುಲಂದಿ ಗೋಲುಂಡ ಎಂಬ ಕುಲನಾಮವಾಯಿತು.

ಕೊಕ್ ಬಿಲದಲ್ಲಿ ಧಾನ್ಯ ಕೂಡಿಡುತ್ತದೆ. ಆದ್ದರಿಂದ ಎಲಿಯಟ್ 1839ರ ತಮ್ಮ ಸಸ್ತನಿಗಳ ಪಟ್ಟಿಯಲ್ಲಿ ಅದನ್ನು ಪ್ರೊವಿಡೆನ್ಸ್, ಅಂದರೆ ಮುಂದಾಲೋಚನೆಯುಳ್ಳದ್ದು, ಎಂದು ಕರೆದರು. ನಮಗೆ ಬಹಳ ಒಪ್ಪುವ ಹೆಸರು! ಆದರೆ ಮೊದಲು ಇಟ್ಟ ಹೆಸರೇ ನಿಲ್ಲುವುದು ವರ್ಗೀಕರಣದ ನಿಯಮ. ಬಂಗಾಳದ ಇಲಿಗೆ ಅದಕ್ಕೂ ಮುನ್ನ ಇಟ್ಟಿದ್ದ ಹೆಸರೇ ಉಳಿದು, ಅದು ಇಂದು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಇಂಗ್ಲಿಷಿನಲ್ಲಿ ಇದನ್ನು ಮೋಲ್ ರ್‍ಯಾಟ್ ಎನ್ನುವುದರಿಂದ ಕುರುಡು ಇಲಿಯೆಂದು ಭಾವಿಸಬಾರದು. ಕಣ್ಣಿನ ಮೇಲೆ ಚರ್ಮ ಮುಚ್ಚಿದ ನಿಜವಾದ ಕುರುಡು ಇಲಿಗಳು ಪೂರ್ವ ಯುರೋಪು, ಪಶ್ಚಿಮ ಏಷ್ಯಾಗಳಲ್ಲಿವೆ. ಅವುಗಳ ಕುಟುಂಬವೇ ಬೇರೆ. ಕೊಕ್ಕಿಗೆ ಕಣ್ಣು ಕಾಣುತ್ತದೆ.

ಮುಂದೆ ಅಮರಾವತಿಯ ಶಿಲ್ಪಗಳನ್ನು ಅಗೆಸಿದ ಎಲಿಯಟ್, ಆಂಧ್ರದ ಗಿಡಮರಗಳ ತೆಲುಗು ಹೆಸರುಗಳನ್ನೂ 1859ರಲ್ಲಿ ಪ್ರಕಟಿಸಿದರು. 1860ರಲ್ಲಿ ನಿವೃತ್ತರಾಗಿ ಸ್ಕಾಟ್ಲೆಂಡಿಗೆ ಮರಳಿದರು. ವೃದ್ಧಾಪ್ಯದಲ್ಲಿ ದೃಷ್ಟಿ ಹೋಯಿತು. ಆದರೂ ಓದಿಸಿ ಕೇಳುತ್ತ, ಹೇಳಿ ಬರೆಯಿಸುತ್ತ ದಕ್ಷಿಣ ಭಾರತದ ನಾಣ್ಯಗಳ ಗ್ರಂಥವನ್ನು ಮುಗಿಸಿದರು. 1887ರ ಮಾರ್ಚ್ 1ರ ಬೆಳಿಗ್ಗೆ, ತಿರುಕ್ಕುರಳಿನ ಹೊಸ ಮುದ್ರಣದ ವಿಷಯವಾಗಿ ವಿದ್ವಾಂಸ ಪೋಪ್ ಅವರಿಗೆ ಪತ್ರ ಬರೆಯಿಸಿ ತಮ್ಮ ಕೈಯಿಂದಲೇ ಸಹಿ ಹಾಕಿದರು. ಅಂದೇ ತೀರಿಕೊಂಡರು.