ಹಂದಿಯನ್ನು ದೂರುವ ಮುನ್ನ

2009ರಲ್ಲಿ ‘ಹಂದಿಜ್ವರ’ ಎಂಬ ಹೆಸರು ಮನೆಮಾತಾದಾಗ ಬೀದಿಯ ಹಂದಿಗಳನ್ನು ಕಂಡು ದಾರಿ ಬದಲಿಸಿದವರಲ್ಲಿ ನಾನೂ ಒಬ್ಬ. ಈಜಿಪ್ಟ್ ಸರ್ಕಾರವಂತೂ ದೇಶದ ಹಂದಿಗಳನ್ನೆಲ್ಲ ಕೊಲ್ಲಲು ಆಜ್ಞೆ ಹೊರಡಿಸಿತ್ತು. ರಿಚರ್ಡ್ ಶೋಪ್ ಎಂಬ ವಿಜ್ಞಾನಿಯ ಬದುಕನ್ನು ಓದಿದ ಮೇಲೆ ನನ್ನ ಆ ಭಯಕ್ಕೆ ನಾನೇ ನಾಚಿದೆ.

ಶೋಪ್ ಹುಟ್ಟಿದ್ದು 1901ರಲ್ಲಿ, ಹಂದಿ ಸಾಕಣೆಗೆ ಹೆಸರಾದ ಅಮೆರಿಕದ ಅಯೋವಾ ರಾಜ್ಯದಲ್ಲಿ. ಅವರಿಗೆ ಹದಿನಾರು ವರ್ಷವಾಗಿದ್ದಾಗ, 1918ರಲ್ಲಿ, ಇನ್‌ಫ್ಲುಯೆಂಜಾ ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಅದೇ ಹೊತ್ತಿಗೆ ಅಯೋವಾದ ಹಂದಿಗಳೂ ಕೆಮ್ಮಿ ಕುಸಿಯತೊಡಗಿದವು. ಎರಡೂ ಒಂದೇ ರೋಗವೆಂದು ಜೆ.ಎಸ್. ಕೋಯನ್ ಎಂಬ ಪಶುವೈದ್ಯ ಧೈರ್ಯವಾಗಿ ಸಾರಿದರು. ಹಂದಿಮಾಂಸದ ವ್ಯಾಪಾರ ಕೆಟ್ಟೀತೆಂದು ಹೆದರಿದವರು ಅವರ ಮೇಲೆಯೇ ಹರಿಹಾಯ್ದರು.

ವೈದ್ಯಪದವಿ ಪಡೆದ ಶೋಪ್, ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲರ್ ಸಂಸ್ಥೆಯ ಪ್ರಯೋಗಾಲಯ ಸೇರಿ ಈ ಹಂದಿರೋಗದ ಬೆನ್ನುಹತ್ತಿದರು. ಜೊತೆಗಿದ್ದ ಹಿರಿಯ ವಿಜ್ಞಾನಿ ಪಾಲ್ ಲೂಯಿಸ್ 1929ರಲ್ಲಿ ಬ್ರೆಜಿಲ್‌ನಲ್ಲಿ ಹಳದಿ ಜ್ವರಕ್ಕೆ ಬಲಿಯಾದರು. ಶೋಪ್ ಕೆಲಸ ನಿಲ್ಲಿಸಲಿಲ್ಲ. ರೋಗಿ ಹಂದಿಯ ಶ್ವಾಸನಾಳದ ಸ್ರಾವವನ್ನು ಬ್ಯಾಕ್ಟೀರಿಯಾ ನುಸುಳಲಾರದಷ್ಟು ಸೂಕ್ಷ್ಮವಾಗಿ ಸೋಸಿದರೂ ಅದು ರೋಗ ತರಬಲ್ಲದೆಂದು 1931ರಲ್ಲಿ ಪ್ರಕಟಿಸಿದರು. ಅಪರಾಧಿ ವೈರಸ್ ಎಂಬುದು ಖಚಿತವಾಯಿತು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಲಂಡನ್ನಿನಲ್ಲಿ ಪತ್ತೆಯಾದದ್ದು ಎರಡು ವರ್ಷಗಳ ಬಳಿಕ, 1933ರಲ್ಲಿ!

ಮುಂದೆ ಶೋಪ್ ಮನುಷ್ಯರ ರಕ್ತವನ್ನು ಪರೀಕ್ಷಿಸಿದರು. ವಯಸ್ಕರ ರಕ್ತದಲ್ಲಿ ಹಂದಿಯ ವೈರಸ್ಸನ್ನು ತಡೆಯುವ ಶಕ್ತಿಯಿತ್ತು. 1918ರ ತರುವಾಯ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. 1918ರ ಮಾರಿಯ ಗುರುತು ಹಂದಿಗಳಲ್ಲಿ ಉಳಿದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಆ ರೋಗವನ್ನು ಹಂದಿಗೆ ಅಂಟಿಸಿದವನು ಮನುಷ್ಯನೇ ಇರಬೇಕೆಂಬುದು ಬಹುಪಾಲು ವಿಜ್ಞಾನಿಗಳ ಅಭಿಮತ.

ಶೋಪ್ ಎಡವಲಿಲ್ಲವೆಂದಲ್ಲ. ಹಂದಿಯ ಶ್ವಾಸಕೋಶದ ಹುಳುಗಳಲ್ಲಿ ವೈರಸ್ ಅಡಗಿರುತ್ತದೆಂಬ ಅವರ ವಾದ ನಿಲ್ಲಲಿಲ್ಲ. ಅವರು 1966ರಲ್ಲಿ ತೀರಿಕೊಂಡರು.

ಹಂದಿಯ ಉಸಿರಾಟದ ಅಂಗಗಳಿಗೆ ಹಕ್ಕಿಯ ವೈರಸ್ಸೂ ಮನುಷ್ಯನ ವೈರಸ್ಸೂ ಅಂಟಿಕೊಳ್ಳಬಲ್ಲವು. ಎರಡೂ ಒಂದೇ ಜೀವಕೋಶ ಹೊಕ್ಕರೆ ವಂಶವಾಹಿಗಳು ಅದಲುಬದಲಾಗಿ ಹೊಸ ತಳಿ ಮೂಡಬಹುದು. 1998ರಲ್ಲಿ ಅಮೆರಿಕದ ಹಂದಿಗಳಲ್ಲಿ ಹಕ್ಕಿ, ಹಂದಿ, ಮನುಷ್ಯ, ಈ ಮೂರೂ ಮೂಲದ ವಂಶವಾಹಿಗಳು ಬೆರೆತ ತಳಿ ಕಂಡುಬಂದಿತ್ತು. 2009ರ ವೈರಸ್ ಅದರದೇ ಸಂತತಿಯೊಂದು ಯುರೋಪ್–ಏಷ್ಯಾದ ಹಂದಿ ವೈರಸ್ಸಿನೊಡನೆ ಬೆರೆತು ಹುಟ್ಟಿದ್ದು. ಅದನ್ನು ಅನೇಕ ದೇಶಗಳ ಹಂದಿಗಳಿಗೆ ಮರಳಿ ಅಂಟಿಸಿದವರೂ ನಾವೇ.

ಹಂದಿಯ ಕೊಟ್ಟಿಗೆಯಲ್ಲಿ ಕೆಮ್ಮು ಕೇಳಿದೊಡನೆ ಪರೀಕ್ಷಿಸುವ ಪಶುವೈದ್ಯ ಮನುಷ್ಯರನ್ನೂ ಕಾಯುತ್ತಿರುತ್ತಾನೆ. ಕೋಯನ್‌ರ ಬಾಯಿ ಮುಚ್ಚಿಸಲು ಹೊರಟಂತೆ, ವ್ಯಾಪಾರದ ಭಯದಿಂದ ಅವನ ಬಾಯಿಯನ್ನು ನಾವು ಮುಚ್ಚಿಸದಿದ್ದರೆ ಸಾಕು.