ತನ್ನ ಕೆಲಸವನ್ನು ತಾನೇ ಪರೀಕ್ಷಿಸಿದ ಶಸ್ತ್ರವೈದ್ಯ: ಥಿಯೋಡರ್ ಕೋಖರ್



ವೈದ್ಯಕೀಯ ಕಲಿಯುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಪರೀಕ್ಷೆಗಾಗಿ ಅವರು ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ. ಅಪೆಂಡಿಕ್ಸ್‌ಗೆ ಮೆಕ್‌ಬರ್ನಿ ಛೇದನ, ಸಿಸೇರಿಯನ್ ಹೆರಿಗೆಗೆ ಫಾನೆನ್‌ಸ್ಟೀಲ್ ಛೇದನ, ಪಿತ್ತಕೋಶಕ್ಕೆ ಕೋಖರ್ ಛೇದನ. ಸರಿಯಾಗಿ ಹೊಂದಿಸಿ ಬರೆದರೆ ಅಂಕ ಸಿಗುತ್ತದೆ. ಆದರೆ ಪ್ರತಿಯೊಂದು ಹೆಸರಿನ ಹಿಂದೆಯೂ ಒಬ್ಬ ಮನುಷ್ಯನ ಬದುಕಿದೆ. ಅವರಲ್ಲಿ ಕೋಖರ್ ಅವರ ಬದುಕು ವೈದ್ಯರಾಗದವರಿಗೂ ಪಾಠವಾಗಬಲ್ಲದು.

ಥಿಯೋಡರ್ ಕೋಖರ್ ಜನಿಸಿದ್ದು 1841ರ ಆಗಸ್ಟ್ 25ರಂದು, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಅಲ್ಲಿಯೇ ವೈದ್ಯಕೀಯ ಕಲಿತು, 1872ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ಆಗ ಅವರಿಗೆ ಕೇವಲ 30 ವರ್ಷ.

ಆ ಬೆಟ್ಟದ ನಾಡಿನ ಮಣ್ಣು-ನೀರಿನಲ್ಲಿ ಅಯೋಡಿನ್ ಕಡಿಮೆ. ಹೀಗಾಗಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವ ಗಳಗಂಡ ರೋಗ ಊರೂರಲ್ಲೂ ಇತ್ತು. ಗಡ್ಡೆ ಬೆಳೆದು ಉಸಿರನ್ನೇ ಅಡ್ಡಗಟ್ಟುತ್ತಿತ್ತು. ಆದರೆ ರಕ್ತಸ್ರಾವ ಮತ್ತು ಕೀವಿನ ಭಯದಿಂದ ಆ ಗ್ರಂಥಿಗೆ ಕತ್ತಿ ಹಾಕಲು ದೊಡ್ಡ ದೊಡ್ಡ ವೈದ್ಯರೂ ಹೆದರುತ್ತಿದ್ದರು. ಕೋಖರ್ ಕ್ರಿಮಿನಾಶಕ ವಿಧಾನವನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಅವಸರಪಡದೆ ಒಂದೊಂದೇ ರಕ್ತನಾಳವನ್ನು ಕಟ್ಟುತ್ತಾ ಸಾಗಿದರು. ಆರಂಭದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದ ಸಾವಿನ ಪ್ರಮಾಣ ಅವರ ಕೊನೆಯ ವರ್ಷಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಯಿತು.

ಎಲ್ಲಿ ಕೊಯ್ಯಬೇಕು ಎಂಬುದರ ಬಗ್ಗೆಯೂ ಅವರು ಆಳವಾಗಿ ಯೋಚಿಸಿದರು. ಥೈರಾಯ್ಡ್‌ಗೆ ಕುತ್ತಿಗೆಯ ಸುಕ್ಕಿನ ಗುಂಟ ಅಡ್ಡಲಾಗಿ, ಕೊರಳಪಟ್ಟಿಯಂತೆ ಬಾಗಿದ ಛೇದನ. ಪಿತ್ತಕೋಶಕ್ಕೆ ಬಲಗಡೆಯ ಪಕ್ಕೆಲುಬಿನ ಅಂಚಿನ ಕೆಳಗೆ, ಅಂಚಿಗೆ ಸಮಾನಾಂತರವಾಗಿ ಓರೆಯಾದ ಛೇದನ. ಇದೇ ಇಂದಿನ ಕೋಖರ್ ಛೇದನ. ಎಡಗಡೆ ಹೀಗೆಯೇ ಕೊಯ್ದರೆ ಗುಲ್ಮ ಕೈಗೆ ಸಿಗುತ್ತದೆ. ಎರಡನ್ನೂ ಕೂಡಿಸಿದರೆ ಯಕೃತ್ತಿನ ದೊಡ್ಡ ಶಸ್ತ್ರಚಿಕಿತ್ಸೆಗೂ ದಾರಿಯಾಗುತ್ತದೆ. ಅಂಗ ಎಲ್ಲಿದೆ ಎಂಬುದನ್ನು ತಿಳಿದರೆ ಪಟ್ಟಿಯನ್ನು ಉರು ಹೊಡೆಯುವ ಅಗತ್ಯವೇ ಇಲ್ಲ ಎಂಬುದನ್ನು ಗಮನಿಸಿ. ಅಪೆಂಡಿಕ್ಸ್‌ಗೆ ಅಡ್ಡ ಛೇದನ ಕೊಟ್ಟ ಒಟ್ಟೊ ಲಾನ್ಸ್ ಕೂಡ ಕೋಖರರ ಕೈಕೆಳಗೆ ಪಳಗಿದವರೇ.

ಇನ್ನು ಅವರ ಬದುಕಿನ ಮುಖ್ಯ ಘಟ್ಟಕ್ಕೆ ಬರೋಣ. 1874ರಲ್ಲಿ ಅವರು 11 ವರ್ಷದ ಬಾಲಕಿಯೊಬ್ಬಳ ಥೈರಾಯ್ಡನ್ನು ಪೂರ್ತಿಯಾಗಿ ತೆಗೆದಿದ್ದರು. ಗಾಯ ಮಾಸಿತು, ಹುಡುಗಿ ಮನೆಗೆ ಹೋದಳು. ಆದರೆ ಮುಂದೆ ಅವಳ ಬೆಳವಣಿಗೆ ನಿಂತು, ಬುದ್ಧಿ ಮಂದವಾಯಿತೆಂಬ ಸುದ್ದಿ ಬಂತು. ಜಿನೀವಾದ ರೆವರ್ಡಿನ್ ಸೋದರಸಂಬಂಧಿಗಳೂ 1882ರಲ್ಲಿ ಇಂಥದೇ ತೊಂದರೆಯನ್ನು ವರದಿ ಮಾಡಿದರು. ಕೋಖರ್ ಸುಮ್ಮನಿರಬಹುದಿತ್ತು. ಹಾಗೆ ಮಾಡದೆ ತಮ್ಮ ಹಳೆಯ ರೋಗಿಗಳನ್ನು ಹುಡುಕಿ ಕರೆಸಿದರು. ಗ್ರಂಥಿಯನ್ನು ಪೂರ್ಣವಾಗಿ ಕಳೆದುಕೊಂಡ 18 ಮಂದಿಯಲ್ಲಿ 16 ಮಂದಿ ಸೊರಗಿ, ಊದಿಕೊಂಡು, ಮಂಕಾಗಿದ್ದರು. 1883ರಲ್ಲಿ ಬರ್ಲಿನ್‌ನಲ್ಲಿ, ತಮ್ಮ ಕೀರ್ತಿ ಏರುತ್ತಿದ್ದ ಕಾಲದಲ್ಲಿಯೇ, ಜರ್ಮನ್ ಶಸ್ತ್ರವೈದ್ಯರ ಸಭೆಯ ಮುಂದೆ ಇದನ್ನು ಬಹಿರಂಗವಾಗಿ ತಿಳಿಸಿದರು. ಅಲ್ಲಿಂದ ಮುಂದೆ ಸಾಮಾನ್ಯ ಗಳಗಂಡಕ್ಕೆ ಇಡೀ ಗ್ರಂಥಿಯನ್ನು ತೆಗೆಯುವುದನ್ನು ಬಿಟ್ಟು, ಒಂದು ಭಾಗವನ್ನು ಉಳಿಸತೊಡಗಿದರು.

ಆ ಪ್ರಾಮಾಣಿಕತೆಯಿಂದ ಥೈರಾಯ್ಡ್ ದೇಹಕ್ಕೆ ಅನಿವಾರ್ಯವೆಂಬುದು ಜಗತ್ತಿಗೆ ಸ್ಪಷ್ಟವಾಯಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಇಂಥ ರೋಗಿಯನ್ನು ಚೇತರಿಸಿದರು. ಇಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಥೈರಾಯ್ಡ್ ಮಾತ್ರೆ ಈ ಸಂಶೋಧನೆಯ ಮುಂದುವರಿಕೆಯೇ. ಥೈರಾಯ್ಡ್ ಕುರಿತ ಕಾರ್ಯಕ್ಕಾಗಿ 1909ರಲ್ಲಿ ಕೋಖರ್‌ಗೆ ನೊಬೆಲ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಶಸ್ತ್ರವೈದ್ಯರು ಅವರೇ. 1917ರ ಜುಲೈ 27ರಂದು ಬರ್ನ್‌ನಲ್ಲಿ ನಿಧನರಾದರು.

ಇಂದು ಪಿತ್ತಕೋಶವನ್ನು ಹೆಚ್ಚಾಗಿ ಸಣ್ಣ ರಂಧ್ರಗಳ ಮೂಲಕವೇ ತೆಗೆಯುತ್ತಾರೆ. ಅದು ಸಾಧ್ಯವಾಗದಾಗ ವೈದ್ಯರ ಕೈ ಈಗಲೂ ಕೋಖರ್ ಗೆರೆಯತ್ತ ಹೋಗುತ್ತದೆ. ವಿದ್ಯಾರ್ಥಿ ಮಿತ್ರರೇ, ಆ ಹೆಸರನ್ನು ಹೊಂದಿಸಿ ಬರೆಯುವಾಗ ಇದನ್ನೂ ನೆನಪಿಡಿ: ಮಾಡಿದ ಕೆಲಸದ ಫಲ ಏನಾಯಿತೆಂದು ವರ್ಷಗಳ ನಂತರವೂ ಹೋಗಿ ನೋಡುವವನೇ ನಿಜವಾದ ವಿದ್ಯಾವಂತ.